ಲೈಟ್ ಕಂಬಕ್ಕೆ ಟೋಪಿ ಹಾಕ್ಸೋದು ಹೇಗೆ: ರಾತ್ರಿ ಆಕಾಶ ಉಳ್ಸೋ ಕಾನೂನಿಗೆ ನಮ್ಮ ವಾರ್ಡಿಂದ್ಲೇ ಶುರು

ಮೊದ್ಲೇ ಹೇಳ್ಬಿಡ್ತೀನಿ, "ಬೀದಿ ದೀಪ ಆಫ್ ಮಾಡ್ಸಿ" ಅಂತ ಮಾತ್ರ ಅರ್ಜಿ ಬರೀಬೇಡಿ. ನಾನು ಬರ್ದಿದ್ದೆ. ಮೈಸೂರಲ್ಲಿ ನಮ್ಮ ಲೇಔಟ್ ಮೂಲೇಲಿ ಒಂದು ಎಲ್‌ಇಡಿ ಇತ್ತು, ಅದರ ಮೂತಿ ರಸ್ತೆ ಕಡೆ ಇರೋ ಬದ್ಲು ನಮ್ಮ ಮಹಡಿ ಕಿಟಕಿ ಕಡೆ ತಿರುಗಿತ್ತು, ರಾತ್ರಿ ಹನ್ನೊಂದಕ್ಕೂ ರೂಮಲ್ಲಿ ಲೈಟ್ ಹಾಕ್ದೇ ಪೇಪರ್ ಓದ್ಬೋದು, ಅಷ್ಟು ಬೆಳಕು. ಸಿಟ್ಟಲ್ಲಿ ನಾಲ್ಕು ಲೈನ್ ಗೀಚಿ ಕೊಟ್ಟು ಬಂದೆ. ಹದಿನೈದು ದಿನ ಯಾರೂ ತಲೆ ಹಾಕ್ಲಿಲ್ಲ, ಹದಿನಾರನೇ ದಿನ ಯಾರೋ ಏಣಿ ತಂದು ಲೈಟನ್ನೇ ಬಿಚ್ಕೊಂಡು ಹೋದ್ರು. ಪೂರ್ತಿ ಕತ್ತಲೆ. ಗಾರ್ಮೆಂಟ್ಸಲ್ಲಿ ಸೆಕೆಂಡ್ ಶಿಫ್ಟ್ ಮುಗ್ಸಿ ಬರೋ ಹೆಣ್ಮಕ್ಳು ಮೊಬೈಲ್ ಟಾರ್ಚ್ ಹಿಡ್ಕೊಂಡು ನಡೀಬೇಕಾಯ್ತು, ಎದುರು ಮನೆ ಆಂಟಿ "ನಿಮಗೆ ನಕ್ಷತ್ರ ಬೇಕು ಅಂತ ನಮ್ಮ ಕತ್ತಲ್ಲಿರೋ ಸರ ಹೋಗ್ಬೇಕೇನ್ರೀ" ಅಂತ ಮುಖಕ್ಕೇ ಕೇಳಿದ್ರು. ಅವ್ರು ಕೇಳಿದ್ದು ಸರಿಯಾಗೇ ಇತ್ತು.

ಆಮೇಲೆ ಅರ್ಥ ಆಗಿದ್ದು ಇಷ್ಟು, ನಮಗೆ ಬೇಕಾಗಿರೋದು ಕತ್ತಲೆ ಬೀದಿ ಅಲ್ಲ. ಬೆಳಕು ನೆಲಕ್ಕೆ ಬೀಳ್ಬೇಕು, ಆಕಾಶಕ್ಕೂ ಬೇರೆಯವ್ರ ಬೆಡ್‌ರೂಮಿಗೂ ಹೋಗ್ಬಾರ್ದು, ಅಷ್ಟೇ. ದೀಪಕ್ಕೊಂದು ಟೋಪಿ ಹಾಕಿ ಅಂತ ಕೇಳೋದು. ಈ ಒಂದು ಮಾತು ಸರ್ಕಾರಿ ಕಾಗದದಲ್ಲಿ, ಬೈಲಾದಲ್ಲಿ (ಅಂದ್ರೆ ಪಾಲಿಕೆ, ಪುರಸಭೆ ತಾವೇ ಮಾಡ್ಕೊಳ್ಳೋ ನಿಯಮ), ಟೆಂಡರಲ್ಲಿ ಹೇಗೆ ಬರೋ ಹಾಗೆ ಮಾಡೋದು ಅನ್ನೋದಕ್ಕೆ ನಾನು ಎಡವಿ ಎಡವಿ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ.

ಅದಕ್ಕೆ ಮುಂಚೆ, ಯಾಕೆ ಅಂತ ಎರಡ್ ಮಾತು

ಈಗ ಮೈಸೂರಲ್ಲಿದ್ರೂ ಮೂಲ ಮಂಡ್ಯ ಜಿಲ್ಲೆಯವ್ರು ನಾವು, ಕರೆಂಟ್ ವಿಷ್ಯದಲ್ಲಿ ಹಳೇ ಗಿರಾಕಿಗಳು. ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ತೆಗ್ದು ಕೋಲಾರದ ಚಿನ್ನದ ಗಣಿಗೆ ಕಳ್ಸಿದ್ರು, 1905ರಲ್ಲಿ ಅದೇ ಕರೆಂಟಿಂದ ಬೆಂಗಳೂರಲ್ಲಿ ದೀಪ ಹತ್ತಿತು. ಆಗ ದೀಪ ಅಂದ್ರೆ ಸಂಭ್ರಮ. ಈಗ ರಾತ್ರಿ ಮೇಲುಕೋಟೆ ಬೆಟ್ಟದ ಮೇಲೆ ನಿಂತು ದಕ್ಷಿಣಕ್ಕೆ ನೋಡಿದ್ರೆ ಮೈಸೂರು ಇರೋ ಕಡೆ ಆಕಾಶದ ಬುಡ ಹಾಲು ಚೆಲ್ಲಿದ ಹಾಗೆ ಬೆಳ್ಳಗಿರುತ್ತೆ, ಅದು ಯಾವ ದೇವ್ರ ಉತ್ಸವಾನೂ ಅಲ್ಲ, ನಾವು ಕಾಸು ಕೊಟ್ಟು ಮೇಲಕ್ಕೆ ಎಸೀತಿರೋ ಕರೆಂಟು.

2016ರಲ್ಲಿ ವಿಜ್ಞಾನಿಗಳು ಇಡೀ ಪ್ರಪಂಚದ ರಾತ್ರಿ ಬೆಳಕಿನ ನಕ್ಷೆ ಮಾಡಿದ್ರು, ಭೂಮಿ ಮೇಲಿನ ಜನರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನಕ್ಕೆ ಮನೆ ಹತ್ರದಿಂದ ಆಕಾಶಗಂಗೆ ಕಾಣಲ್ಲ ಅಂತ ಅದರಲ್ಲಿ ಗೊತ್ತಾಯ್ತು. 2023ರಲ್ಲಿ ಇನ್ನೊಂದು ಲೆಕ್ಕ ಬಂತು, ನಮ್ಮಂಥ ಸಾಮಾನ್ಯ ಜನ 2011ರಿಂದ 2022ರವರೆಗೆ ನಕ್ಷತ್ರ ನೋಡಿ ಕಳ್ಸಿದ ಐವತ್ತೊಂದು ಸಾವಿರಕ್ಕೂ ಮೀರಿದ ವರದಿ ಇಟ್ಕೊಂಡು ನೋಡಿದ್ರೆ ರಾತ್ರಿ ಆಕಾಶ ಸರಾಸರಿ ವರ್ಷಕ್ಕೆ ಶೇ 9.6ರಷ್ಟು ಬೆಳ್ಳಗಾಗ್ತಾ ಇದೆ. ಅಂದ್ರೆ ಹೆಚ್ಚು ಕಮ್ಮಿ ಎಂಟು ವರ್ಷಕ್ಕೆ ಡಬಲ್.

ನಮ್ಮೂರು ಪಾಂಡವಪುರದ ಕಡೆ. ಅಲ್ಲಿ ದೊಡ್ಡಪ್ಪನ ಗದ್ದೆ ಅಂಚಲ್ಲಿ ಪಂಚಾಯ್ತಿಯವ್ರು ಒಂದು ದೊಡ್ಡ ಬಿಳಿ ಲೈಟ್ ಹಾಕಿದ್ರು. ಭತ್ತ ತೆನೆ ಬಿಡೋ ಟೈಮಲ್ಲಿ ನೋಡಿದ್ರೆ ಇಡೀ ಗದ್ದೆ ತೆನೆ ಬಾಗಿ ಹೊಂಬಣ್ಣಕ್ಕೆ ಬರ್ತಿದೆ, ಕಂಬದ ಕೆಳಗೆ ಮಾತ್ರ ಒಂದು ಮೂಲೆ, ಬೀಸಣಿಗೆ ಬಿಚ್ಚಿದ ಆಕಾರದಲ್ಲಿ, ಹಚ್ಚ ಹಸ್ರು ಹಾಗೇ ನಿಂತಿದೆ. ದೊಡ್ಡಪ್ಪ ಯೂರಿಯಾ ಜಾಸ್ತಿ ಬಿತ್ತೇನೋ ಅಂದ್ಕೊಂಡಿದ್ರು. ಭತ್ತದ ಎಷ್ಟೋ ತಳಿಗಳು ರಾತ್ರಿ ಉದ್ದ ಆಗೋದನ್ನ ನೋಡ್ಕೊಂಡು ತೆನೆ ಬಿಡೋವು, ರಾತ್ರಿಯೆಲ್ಲ ಬೆಳಕು ಬಿದ್ರೆ ಅಂಥ ತಳಿಗಳಿಗೆ ಇನ್ನೂ ಬೇಸ್ಗೆ ದಿನಾನೇ ನಡೀತಿದೆ ಅಂತ ಅನ್ಸುತ್ತೆ, ತೆನೆ ತಡ ಮಾಡುತ್ತೆ. ಇದನ್ನ ಯಾಕೆ ಇಷ್ಟುದ್ದ ಹೇಳ್ದೆ ಅಂದ್ರೆ, ಗ್ರಾಮಸಭೇಲಿ ನಕ್ಷತ್ರ ಅಂದ್ರೆ ಜನ ನಗ್ತಾರೆ, ಈ ಭತ್ತದ ಮೂಲೆ ಫೋಟೋ ತೋರ್ಸಿದ್ರೆ ಎದ್ದು ಬಂದು ನೋಡ್ತಾರೆ.

ಮಿಂಚುಹುಳ ಮಿಂಚೋದು ಜೋಡಿ ಹುಡ್ಕೋಕೆ, ಸುತ್ತ ಬೆಳಕಿದ್ರೆ ಅದರ ಮಿಂಚು ಯಾರ ಕಣ್ಣಿಗೂ ಬೀಳಲ್ಲ. ಹತ್ರದಲ್ಲೇ ರಂಗನತಿಟ್ಟು ಇದೆ, ಮದ್ದೂರು ಕಡೆ ಕೊಕ್ಕರೆ ಬೆಳ್ಳೂರಿದೆ, ಹಕ್ಕಿಗಳಿಗೂ ರಾತ್ರಿ ಅಂದ್ರೆ ರಾತ್ರಿನೇ ಆಗಿರ್ಬೇಕು. ಇಷ್ಟು ಸಾಕು, ಕೆಲ್ಸಕ್ಕೆ ಬರೋಣ.

ಮೊದಲ ಹೆಜ್ಜೆ: ಎಣಿಸಿ, ಫೋಟೋ ತೆಗೀರಿ

ಜನವರಿಯಿಂದ ಮಾರ್ಚ್ ಒಳಗೆ, ಅಮಾವಾಸ್ಯೆ ಹಿಂದೆ ಮುಂದೆ, ರಾತ್ರಿ ಎಂಟರ ಮೇಲೆ ತಾರಸಿ ಹತ್ತಿ. ಮಹಾವ್ಯಾಧ ನಕ್ಷತ್ರಪುಂಜ ಹುಡ್ಕೋದು ಸುಲಭ, ಮೂರು ನಕ್ಷತ್ರ ಸಾಲಾಗಿ ಇರುತ್ತೆ, ಅದರ ಸುತ್ತ ನಾಲ್ಕು ಮೂಲೇಲಿ ನಾಲ್ಕು ದೊಡ್ಡವು. ಅದರಲ್ಲಿ ಕೆಂಪಗಿರೋದೇ ನಮ್ಮ ಆರಿದ್ರೆ, ಹೌದು ಆರಿದ್ರಾ ಮಳೆ ಅಂತೀವಲ್ಲ ಅದೇ, ಮಳೆ ಹೆಸ್ರು ಬಾಯಲ್ಲಿ ಉಳೀತು ನಕ್ಷತ್ರ ಮಾತ್ರ ಯಾವ್ದು ಅಂತ ಮರ್ತೋಯ್ತು ನಮಗೆ. ಮೊಬೈಲ್ ಜೇಬಲ್ಲಿಟ್ಟು ಹದಿನೈದು ನಿಮಿಷ ಕಣ್ಣು ಕತ್ತಲೆಗೆ ಹೊಂದ್ಕೊಳ್ಳೋಕೆ ಬಿಡಿ, ಆಮೇಲೆ ಆ ನಾಲ್ಕು ಮೂಲೆ ಒಳಗೆ ಎಷ್ಟು ಕಾಣುತ್ತೆ ಎಣಿಸಿ. ನಮ್ಮ ತಾರಸಿಯಿಂದ ನನಗೆ ಆ ಸಾಲಿನ ಮೂರು ಬಿಟ್ರೆ ಇನ್ನೊಂದೇ ಕಂಡಿದ್ದು, ಅದೂ ಇದ್ಯೋ ಇಲ್ವೋ ಅನ್ನೋ ಹಾಗೆ. ತಾರೀಖು, ಟೈಮು, ಸಂಖ್ಯೆ ಒಂದು ನೋಟ್‌ಬುಕ್ಕಲ್ಲಿ ಬರ್ದಿಡಿ. ಗ್ಲೋಬ್ ಅಟ್ ನೈಟ್ ಅಂತ ಒಂದು ಅಂತಾರಾಷ್ಟ್ರೀಯ ಎಣಿಕೆ 2006ರಿಂದ ನಡೀತಿದೆ, ಅದಕ್ಕೂ ಕಳ್ಸಬೋದು, ಮೇಲೆ ಹೇಳಿದ 9.6ರ ಲೆಕ್ಕ ಬಂದಿದ್ದು ಅಂಥ ಎಣಿಕೆಗಳಿಂದ್ಲೇ.

ಆಮೇಲೆ ಬೀದಿ ಸುತ್ತಿ. ರೂಲ್ ಸಿಂಪಲ್ಲು, ದೂರದಲ್ಲಿ ನಿಂತ್ರೂ ಬಲ್ಬೇ ನೇರ ಕಣ್ಣಿಗೆ ಹೊಡೀತಿದ್ರೆ ಅದು ತಪ್ಪು ಲೈಟು, ಬೆಳಕು ಬಿದ್ದಿರೋ ನೆಲ ಮಾತ್ರ ಕಾಣ್ತಿದ್ರೆ ಸರಿ ಲೈಟು. ತಪ್ಪಿರೋ ಒಂದೊಂದಕ್ಕೂ ಒಂದು ಫೋಟೋ, ಕಂಬದ ನಂಬರ್, ಯಾರ್ದು ಅಂತ ಬರ್ಕೊಳ್ಳಿ. ಈ ಯಾರ್ದು ಅನ್ನೋದೇ ಮುಖ್ಯ. ಬೀದಿ ದೀಪ ಸಾಮಾನ್ಯವಾಗಿ ಪಾಲಿಕೆದೋ ಪುರಸಭೆದೋ ಪಂಚಾಯ್ತಿದೋ ಆಗಿರುತ್ತೆ, ಕರೆಂಟ್ ಕೊಡೋದು ಸೆಸ್ಕ್, ಅಂದ್ರೆ ನಮ್ಮ ಕಡೆ ಕರೆಂಟ್ ಕಂಪನಿ. ಇದು ಗೊತ್ತಿಲ್ದೇ ಅವ್ರ ಸಹಾಯವಾಣಿ 1912ಕ್ಕೆ ಫೋನ್ ಮಾಡಿದ್ರೆ "ಸರ್ ಅದು ನಮ್ದಲ್ಲ" ಅಂತಾರೆ, ಅವ್ರದ್ದೇನೂ ತಪ್ಪಿಲ್ಲ. ಕಲ್ಯಾಣ ಮಂಟಪದ ಫೋಕಸ್ ಲೈಟು, ಹೋರ್ಡಿಂಗು, ಅಪಾರ್ಟ್‌ಮೆಂಟ್ ಗೇಟ್ ಲೈಟು ಇವೆಲ್ಲ ಖಾಸಗಿ, ಅದರ ದಾರಿನೇ ಬೇರೆ.

ಕಂಬದ ಮೇಲಿರೋ ಲೈಟಿಗೆ ನೀವೇ ಏನೂ ಮಾಡೋಕೆ ಹೋಗ್ಬೇಡಿ ದಯವಿಟ್ಟು. ನಮ್ಮ ಬೀದೀಲಿ ಒಬ್ಬ ಹುಡುಗ ಪೇಂಟ್ ಡಬ್ಬ ಕತ್ತರ್ಸಿ ಟೋಪಿ ಮಾಡಿ ಏಣಿ ಹತ್ತೋಕೆ ಹೋಗಿದ್ದ, ಅವರಮ್ಮ ನೋಡಿದ್ದಕ್ಕೆ ಬಚಾವ್.

ಎರಡನೇದು: ನಿಮ್ಮನೆ ಗೇಟ್ ಲೈಟ್

ಎರಡನೇ ಅರ್ಜಿ ಕೊಟ್ಟಾಗ ಸ್ಥಳ ನೋಡೋಕೆ ಬಂದ ಎಂಜಿನಿಯರ್ ಎಲ್ಲಾ ಸಮಾಧಾನವಾಗಿ ಕೇಳ್ಕೊಂಡು ಕೊನೇಲಿ ನಮ್ಮ ಗೇಟ್ ಕಡೆ ಕೈ ತೋರ್ಸಿ "ಇದು ಎಷ್ಟು ವ್ಯಾಟ್ ಸಾರ್" ಅಂದ್ರು. ಕಂಬದ ಮೇಲೆ ಗುಂಡು ಗಾಜಿನ ಬುರುಡೆ, ಒಳಗೆ 6500 ಕೆಲ್ವಿನ್ ಬಲ್ಬು, ಅರ್ಧ ಬೆಳಕು ಸೀದಾ ಮೇಲಕ್ಕೆ. ನನ್ನ ಮುಖ ನೋಡ್ಬೇಕಿತ್ತು ನೀವು.

ಹಾಗಾಗಿ ಮೊದ್ಲು ಇದು. ಬಲ್ಬ್ ಡಬ್ಬ ಮೇಲೆ ಒಂದು ನಂಬರ್ ಇರುತ್ತೆ, ಕೆ ಅಂದ್ರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ, 6500ಕೆ ಅಂದ್ರೆ ನೀಲಿ ಮಿಶ್ರಿತ ಬಿಳಿ, 3000ಕೆ ಅಥವಾ 2700ಕೆ ಅಂದ್ರೆ ಹಳದಿ ಕಡೆಯ ವಾರ್ಮ್ ವೈಟ್. ಹಗಲು ಆಕಾಶ ನೀಲಿ ಕಾಣೋದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ ನೀಲಿ ಬೆಳಕು ಗಾಳೀಲಿ ಜಾಸ್ತಿ ಚೆದುರುತ್ತೆ, ಅದಕ್ಕೇ ಹಳೇ ಸೋಡಿಯಂ ಲೈಟ್ ತೆಗ್ದು ಬೆಳ್ಳಗಿರೋ ಎಲ್‌ಇಡಿ ಹಾಕಿದ ಊರುಗಳಲ್ಲಿ ಕರೆಂಟ್ ಉಳಿದ್ರೂ ಆಕಾಶ ಉಳೀಲಿಲ್ಲ. ನಿದ್ದೆ ಬರ್ಸೋ ಮೆಲಟೋನಿನ್ ಹಾರ್ಮೋನನ್ನ ಜಾಸ್ತಿ ಕೆಡ್ಸೋದೂ ಈ ನೀಲಿ ಭಾಗಾನೇ. ವಾರ್ಮ್ ವೈಟ್ ಹಾಕಿ, ವ್ಯಾಟ್ ಕಮ್ಮಿ ಮಾಡಿ, ಮೇಲೆ ಮುಚ್ಚಿರೋ ಹೋಲ್ಡರ್ ಹಾಕ್ಸಿ, ಆಗೋದಾದ್ರೆ ಯಾರಾದ್ರೂ ಬಂದಾಗ ಮಾತ್ರ ಹತ್ತೋ ಸೆನ್ಸರೂ ಹಾಕ್ಸಿ.

ಮೂರನೇದು: ಕಾನೂನಲ್ಲಿ ಏನಿದೆ, ಏನಿಲ್ಲ

ಇಲ್ಲೇ ಬಹಳ ಜನ ಎಡವೋದು. ಬೆಳಕಿನ ಮಾಲಿನ್ಯಕ್ಕೆ ಅಂತ್ಲೇ ನಮ್ಮ ದೇಶದಲ್ಲಿ ಪ್ರತ್ಯೇಕ ಕೇಂದ್ರ ಕಾಯ್ದೆ ಇಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೇಲಿ ಮಾಲಿನ್ಯಕಾರಕ ಅಂದ್ರೆ ಘನ, ದ್ರವ ಅಥವಾ ಅನಿಲ ರೂಪದ ವಸ್ತು. ಬೆಳಕು ಈ ಮೂರೂ ಅಲ್ಲ. ಆದ್ರೆ ಶಬ್ದನೂ ಅಲ್ವಲ್ಲ? 1981ರ ವಾಯು ಕಾಯ್ದೇಲಿ ಮೊದ್ಲು ಶಬ್ದ ಇರ್ಲಿಲ್ಲ, 1987ರಲ್ಲಿ ತಿದ್ದುಪಡಿ ತಂದು "ಶಬ್ದವೂ ಸೇರಿ" ಅಂತ ಮಾಡಿದ್ರು, 2000ದಲ್ಲಿ ಶಬ್ದ ಮಾಲಿನ್ಯ ನಿಯಮ ಬಂತು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಲೌಡ್‌ಸ್ಪೀಕರ್ ಹಾಕ್ಬಾರ್ದು ಅಂತ ಇವತ್ತು ಪೊಲೀಸ್‌ಗೆ ಫೋನ್ ಮಾಡ್ತೀವಲ್ಲ, ಅದಕ್ಕೆ ಬಲ ಬಂದಿದ್ದು ಹೀಗೆ. ಶಬ್ದಕ್ಕೆ ಆಗಿದ್ದು ಬೆಳಕಿಗೂ ಆಗ್ಬೋದು. ಎಂಪಿಗೆ ಪತ್ರ ಬರೆಯೋರು ಈ ಒಂದು ಪಾಯಿಂಟ್ ಇಟ್ಕೊಂಡು ಬರೀರಿ, ಹೊಸ ಕಾಯ್ದೆ ತನ್ನಿ ಅನ್ನೋದಕ್ಕಿಂತ ಇರೋ ಕಾಯ್ದೆಗೆ ಬೆಳಕು ಸೇರ್ಸಿ ಅನ್ನೋದು ಕೇಳೋರಿಗೂ ಹಗುರ.

ಬೇರೆ ಕಡೆ ಆಗಿದೆ ಅಂತ ತೋರ್ಸೋಕೆ ಮೂರ್ನಾಲ್ಕು ಉದಾಹರಣೆ ಬಾಯಲ್ಲಿರ್ಲಿ. ಅಮೆರಿಕದ ಅರಿಜೋನಾದ ಫ್ಲಾಗ್‌ಸ್ಟಾಫ್ ಊರು 1958ರಲ್ಲೇ ಜಾಹೀರಾತಿಗೆ ಆಕಾಶಕ್ಕೆ ಸರ್ಚ್‌ಲೈಟ್ ಬಿಡೋದನ್ನ ನಿಷೇಧ ಮಾಡ್ತು, 2001ರಲ್ಲಿ ಪ್ರಪಂಚದ ಮೊದಲ ಡಾರ್ಕ್ ಸ್ಕೈ ನಗರ ಅನ್ನಿಸ್ಕೊಳ್ತು (ನಮ್ಮಲ್ಲಿ ಮದುವೆ ಛತ್ರದವ್ರು ಈಗ ಹೊಸ್ದಾಗಿ ಶುರು ಮಾಡಿರೋ ಆ ತಿರುಗೋ ಬೀಮ್ ಲೈಟನ್ನ ಅವ್ರು ಅರವತ್ತು ವರ್ಷ ಹಿಂದೇನೇ ಮುಗ್ಸಿದ್ರು). ಫ್ರಾನ್ಸಲ್ಲಿ 2018ರ ಡಿಸೆಂಬರ್ ಆದೇಶ ಇದೆ, ಅಂಗಡಿ ಶೋಕೇಸ್ ಲೈಟು ರಾತ್ರಿ ಒಂದರ ಮೇಲೆ ಉರಿಯೋ ಹಾಗಿಲ್ಲ, ಹೊಸ ರಸ್ತೆ ದೀಪ 3000 ಕೆಲ್ವಿನ್ ಮೀರೋ ಹಾಗಿಲ್ಲ. ನಮ್ಮ ದೇಶದ್ದೇ ಬೇಕು ಅಂದ್ರೆ ಲಡಾಖಿನ ಹಾನ್ಲೆ, 2022ರ ಡಿಸೆಂಬರಲ್ಲಿ 1,073 ಚದರ ಕಿಲೋಮೀಟರ್ ಜಾಗವನ್ನ ಡಾರ್ಕ್ ಸ್ಕೈ ರಿಸರ್ವ್ ಅಂತ ಅಲ್ಲಿನ ಆಡಳಿತ ಘೋಷಿಸ್ತು. ಅಲ್ಲಿರೋ ಟೆಲಿಸ್ಕೋಪ್ ನೋಡ್ಕೊಳ್ಳೋದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಅಂದ್ರೆ ನಮ್ಮೋರೇ. ಮಹಾರಾಷ್ಟ್ರದ ಪೆಂಚ್ ಹುಲಿ ಅರಣ್ಯಕ್ಕೂ 2024ರಲ್ಲಿ ಡಾರ್ಕ್ ಸ್ಕೈ ಪಾರ್ಕ್ ಮಾನ್ಯತೆ ಸಿಕ್ತು.

ನಾಲ್ಕನೇದು: ಅರ್ಜಿ, ಅದರ ಭಾಷೆ

ಇದು ನಿಜವಾದ ಕೆಲ್ಸ, ಇಲ್ಲಿ ಅವಸರ ಬೇಡ. ಅರ್ಜೀಲಿ ನಕ್ಷತ್ರ, ಬಾಲ್ಯ, ಅಜ್ಜಿ ಕಥೆ ಏನೂ ಬೇಡ. ಓದೋರಿಗೆ ಏನು ಮಾಡ್ಬೇಕು ಅನ್ನೋದು ಒಂದೇ ಏಟಿಗೆ ಗೊತ್ತಾಗ್ಬೇಕು. ನಾನು ಮೂರನೇ ಸಲ ಬರ್ದಿದ್ದು ಹೆಚ್ಚು ಕಮ್ಮಿ ಹೀಗಿತ್ತು:

"ವಿಷಯ: ನಮ್ಮ ಬಡಾವಣೆಯ ಬೀದಿ ದೀಪಗಳಿಗೆ ಮೇಲ್ಮುಖ ಬೆಳಕು ತಡೆಯುವ ಹೊದಿಕೆ ಅಳವಡಿಸುವಂತೆ ಹಾಗೂ ಮುಂದಿನ ಟೆಂಡರ್‌ಗಳಲ್ಲಿ ಷರತ್ತು ಸೇರಿಸುವಂತೆ ಕೋರಿ. ಮಾನ್ಯರೇ, ಬೀದಿ ದೀಪಗಳನ್ನು ತೆಗೆಯಬಾರದೆಂದು ಮೊದಲಿಗೆ ವಿನಂತಿಸುತ್ತೇವೆ. ಒಂದು, ಪಟ್ಟಿಯಲ್ಲಿರುವ ಹನ್ನೊಂದು ಕಂಬಗಳ ದೀಪವನ್ನು ನೆಲಕ್ಕೆ ಸಮಾನಾಂತರವಾಗಿ ತಿರುಗಿಸುವುದು. ಎರಡು, ಕೆಟ್ಟ ದೀಪ ಬದಲಿಸುವಾಗ 3000 ಕೆಲ್ವಿನ್ ಮೀರದ ದೀಪ ಹಾಕುವುದು. ಮೂರು, ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಬೆಳಕಿನ ಪ್ರಮಾಣ ತಗ್ಗಿಸುವ ವ್ಯವಸ್ಥೆಯನ್ನು ಮುಂದಿನ ಟೆಂಡರ್‌ನಲ್ಲಿ ಸೇರಿಸುವುದು."

ಆ ಮೊದಲ ವಾಕ್ಯ ನೋಡಿದ್ರಾ, "ತೆಗೆಯಬಾರದೆಂದು". ಪೆಟ್ಟು ತಿಂದು ಕಲ್ತಿದ್ದು ಅದು. ಮತ್ತೆ ಮೊದಲ ಬೇಡಿಕೆ ಬಿಟ್ಟಿ ಕೆಲ್ಸ, ಸ್ಪ್ಯಾನರ್ ಸಾಕು, ಅದಕ್ಕೆ ಯಾರ ಮಂಜೂರಾತಿನೂ ಬೇಡ. ನಮ್ಮ ಹನ್ನೊಂದರಲ್ಲಿ ಏಳು ಕಂಬ ಒಂದೇ ಮಧ್ಯಾಹ್ನ ಸರಿ ಹೋಯ್ತು, ಉಳಿದ ನಾಲ್ಕು ಬ್ರಾಕೆಟ್ ತುಕ್ಕು ಹಿಡಿದು ಅಲ್ಲಾಡ್ಲಿಲ್ವಂತೆ. ಏಳಾದ್ಮೇಲೆ ಎದುರು ಮನೆ ಆಂಟಿನೇ ಬಂದು ರಸ್ತೆ ಮೊದ್ಲಿಗಿಂತ ಚೆನ್ನಾಗಿ ಕಾಣುತ್ತೆ ಅಂದ್ರು, ಕಣ್ಣಿಗೆ ಹೊಡೆಯೋ ಬೆಳಕು ಹೋದ್ರೆ ಕಂಬದ ಆಚೆ ನೆರಳಲ್ಲಿ ಯಾರು ನಿಂತಿದಾರೆ ಅನ್ನೋದೂ ಕಾಣುತ್ತೆ.

ಅರ್ಜಿ ಟಪಾಲಲ್ಲಿ ಕೊಟ್ಟು ಇನ್ನೊಂದು ಕಾಪಿ ಮೇಲೆ ಸೀಲ್, ತಾರೀಖು ಹಾಕಿಸ್ಕೊಳ್ಳಿ. ಸ್ವೀಕೃತಿ ಇಲ್ದಿರೋ ಅರ್ಜಿ ಕೊಟ್ರೂ ಒಂದೇ ಬಿಟ್ರೂ ಒಂದೇ. ತಿಂಗಳಾದ್ರೂ ಉತ್ತರ ಇಲ್ಲ ಅಂದ್ರೆ ಹಿಂಬರಹ ಕೊಡಿ ಅಂತ ಕೇಳಿ, ಆಗಲ್ಲ ಅಂತಾದ್ರೂ ಬರ್ಕೊಡ್ಲಿ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೂ ದೂರು ಹಾಕ್ಬೋದು.

ಜೊತೆಗೆ ಒಂದು ಆರ್‌ಟಿಐ ಹಾಕಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ನಮ್ಮ ರಾಜ್ಯದಲ್ಲಿ 150 ಪದದ ಒಳಗೆ ಒಂದೇ ವಿಷಯ ಕೇಳ್ಬೇಕು ಅನ್ನೋದು ನೆನಪಿರ್ಲಿ, ಉತ್ತರಕ್ಕೆ 30 ದಿನ. ಬೀದಿ ದೀಪದ ಟೆಂಡರ್‌ನ ತಾಂತ್ರಿಕ ಷರತ್ತುಗಳ ಪ್ರತಿ ಕೊಡಿ ಅಂತ ಅಷ್ಟೇ ಕೇಳಿ. ಅದರಲ್ಲಿ ವ್ಯಾಟ್ ಎಷ್ಟು, ಕೆಲ್ವಿನ್ ಎಷ್ಟು ಅಂತ ಇರುತ್ತೆ. ಕೆಲ್ವಿನ್ ಜಾಗದಲ್ಲಿ ದೊಡ್ಡ ನಂಬರ್ ಕಂಡ್ರೆ ನಿಮ್ಮ ಹೋರಾಟ ಇರೋದು ಆ ಒಂದು ಸಾಲಿನ ಮೇಲೆ. ಸಾವಿರ ಕಂಬದ ಕೆಳಗೆ ನಿಂತು ಜಗಳ ಆಡೋದಕ್ಕಿಂತ ಟೆಂಡರಿನ ಒಂದು ಸಾಲು ಬದಲಾಯ್ಸೋದು ಮೇಲು.

ಐದನೇದು: ಸಭೆ, ನಡಾವಳಿ, ಬೈಲಾ

ಹಳ್ಳೀಲಿ ಇದು ಸಿಟಿಗಿಂತ ಬೇಗ ಆಗುತ್ತೆ ಅನ್ನೋದು ನನ್ನ ಅನುಭವ. ಗ್ರಾಮಸಭೆ ಆರು ತಿಂಗಳಿಗೊಂದು ಸಲನಾದ್ರೂ ನಡೀಲೇಬೇಕು, ಬೀದಿ ದೀಪ ಪಂಚಾಯ್ತಿ ಕೆಲ್ಸಾನೇ. ಮೊದ್ಲೇ ಪಿಡಿಒ ಹತ್ರ ಮಾತಾಡಿ ಅಜೆಂಡಾಗೆ ಸೇರ್ಸಿ, ಸಭೇಲಿ ದಿಢೀರ್ ಎದ್ದು ನಿಂತ್ರೆ ಮನೆ, ಚರಂಡಿ, ಪಿಂಚಣಿ ಗಲಾಟೇಲಿ ನಿಮ್ಮ ಮಾತು ಮುಳುಗಿ ಹೋಗುತ್ತೆ. ಕರೆಂಟ್ ಬಿಲ್ ಕಡೆಯಿಂದ ಮಾತು ತೆಗೀರಿ, ಪಂಚಾಯ್ತಿಗೆ ಬೀದಿ ದೀಪದ ಬಿಲ್ಲೇ ತಲೆನೋವು. ಬೆಳಗಿನ ಹತ್ತು ಗಂಟೇಲೂ ಉರೀತಿರೋ ಲೈಟಿನ ಫೋಟೋ ಒಂದಿದ್ರೆ ಯಾರೂ ಎದುರು ಮಾತಾಡಲ್ಲ. ಕೊನೇಲಿ ನಡಾವಳಿ ಪುಸ್ತಕದಲ್ಲಿ ಬರೆದ್ರಾ ಅಂತ ಕಣ್ಣಾರೆ ನೋಡಿ ಬನ್ನಿ. ಬಾಯಲ್ಲಿ "ಆಯ್ತು ಮಾಡೋಣ" ಅಂದಿದ್ದು ಸಭೆ ಮುಗಿದ ಮೇಲೆ ಕೊಡೋ ಕಾಫಿ ಜೊತೆಗೇ ಹೋಗುತ್ತೆ.

ಸಿಟೀಲಿ ಕಾರ್ಪೊರೇಟರ್ ಇದ್ರೆ ಅವರ ಹತ್ರ, ಇಲ್ದಿರೋ ಟೈಮಲ್ಲಿ ಆಯುಕ್ತರಿಗೆ, ಆಡಳಿತಾಧಿಕಾರಿಗೆ. ಮೈಸೂರು ಪಾಲಿಕೆ 1976ರ ಮಹಾನಗರಪಾಲಿಕೆ ಕಾಯ್ದೆ ಕೆಳಗೆ ಬೈಲಾ ಮಾಡ್ಬೋದು, ಶ್ರೀರಂಗಪಟ್ಟಣ, ಪಾಂಡವಪುರದಂಥ ಪುರಸಭೆಗಳಿಗೆ 1964ರ ಕಾಯ್ದೆ. ಬೈಲಾ ಅಂದ್ರೆ ನಾಳೆ ಬೆಳಿಗ್ಗೆ ಆಗೋದಲ್ಲ, ಕರಡು ಪ್ರಕಟಿಸಿ ಜನರ ಆಕ್ಷೇಪಣೆ ಕರೀಬೇಕು, ಸರ್ಕಾರ ಒಪ್ಬೇಕು. ಆದ್ರೆ ಖಾಸಗಿ ಹೋರ್ಡಿಂಗು, ಛತ್ರದ ಬೀಮು, ಬಡಾವಣೆಯ ಹೊಸ ದೀಪ ಇವನ್ನೆಲ್ಲ ಹಿಡಿಯೋಕೆ ಬೈಲಾ ಬಿಟ್ರೆ ಗಟ್ಟಿ ದಾರಿ ಇಲ್ಲ. ನೀವೇ ಒಂದು ಪುಟದ ಕರಡು ಬರ್ದು ಕೊಡಿ: ಹೊರಗಿನ ದೀಪದ ಬೆಳಕು ಮೇಲಕ್ಕೆ ಹೋಗ್ಬಾರ್ದು, 3000 ಕೆಲ್ವಿನ್ ಮಿತಿ, ಜಾಹೀರಾತು ಬೆಳಕಿಗೆ ರಾತ್ರಿ 11ಕ್ಕೆ ಗಡುವು, ಕೆರೆ ಮತ್ತು ಪಕ್ಷಿಧಾಮದ ಅಂಚಲ್ಲಿ ಇನ್ನೂ ಬಿಗಿ, ಹಬ್ಬ ಉತ್ಸವಕ್ಕೆ ವಿನಾಯಿತಿ. ಕರಡು ಕೈಯಲ್ಲಿ ಇಟ್ರೆ ಅವ್ರಿಗೆ ತಿದ್ದೋ ಕೆಲ್ಸ ಮಾತ್ರ ಉಳಿಯುತ್ತೆ.

ಎಂಎಲ್‌ಎ ಹತ್ರ ಹೋದಾಗ "ಗಮನ ಕೊಡಿ ಸರ್" ಅಂತ ಹೇಳಿ ಬರ್ಬೇಡಿ, ಅಧಿವೇಶನದಲ್ಲಿ ಕೇಳೋ ಪ್ರಶ್ನೇನೇ ಟೈಪ್ ಮಾಡಿಸ್ಕೊಂಡು ಹೋಗಿ. ಬೀದಿ ದೀಪಗಳಿಗೆ ಕೆಲ್ವಿನ್ ಮಿತಿ ನಿಗದಿ ಮಾಡಿದ್ದಾರಾ, ಮಾಡಿಲ್ಲ ಅಂದ್ರೆ ಯಾವಾಗ. ಚುಕ್ಕೆ ಗುರುತಿನ ಪ್ರಶ್ನೆ ಆದ್ರೆ ಮಂತ್ರಿಗಳು ಸದನದಲ್ಲೇ ಉತ್ತರ ಕೊಡ್ಬೇಕಾಗುತ್ತೆ, ಕೊಟ್ಟ ಉತ್ತರ ದಾಖಲೆಗೆ ಹೋಗುತ್ತೆ.

ಅರಮನೆ ಲೈಟಿಂಗ್ ನಿಲ್ಲಿಸ್ಬೇಕಾ ಅಂತ ಕೇಳೋರಿಗೆ

ಮೈಸೂರಲ್ಲಿ ಈ ವಿಷ್ಯ ಎತ್ತಿದ ಎರಡೇ ನಿಮಿಷಕ್ಕೆ ಇದು ಬರುತ್ತೆ, ರೆಡಿ ಇರಿ. ನನ್ನ ಉತ್ತರ ಯಾವಾಗ್ಲೂ ಉಲ್ಟಾ, ಅರಮನೆ ಥರ ಎಲ್ಲಾ ಕಡೆ ಮಾಡಿ ಅಂತೀನಿ. ಸುಮಾರು ಒಂದು ಲಕ್ಷ ಬಲ್ಬು, ಆದ್ರೆ ಬಣ್ಣ ನೋಡಿ, ಬೆಚ್ಚಗಿನ ಹಳದಿ. ಮಾಮೂಲಿ ದಿನಗಳಲ್ಲಿ ಧ್ವನಿ ಬೆಳಕಿನ ಶೋ ಆದ್ಮೇಲೆ ಸ್ವಲ್ಪ ಹೊತ್ತು ಅಷ್ಟೇ, ಭಾನುವಾರ, ಸರ್ಕಾರಿ ರಜೆ ದಿನ ಸಂಜೆ ಏಳರ ಮೇಲೆ ಹೆಚ್ಚು ಕಮ್ಮಿ ಒಂದು ಗಂಟೆ, ಆಮೇಲೆ ಟಪ್ ಅಂತ ಆಫ್. ಜನ ಬಂದಾಗ ಹತ್ತುತ್ತೆ, ನೋಡಿ ಹೋದ್ಮೇಲೆ ಆರುತ್ತೆ. ಕಣ್ಣು ತುಂಬಿಕೊಳ್ಳೋ ದೀಪಕ್ಕೇ ಟೈಮ್‌ಟೇಬಲ್ ಇದೆ, ಯಾರೂ ನೋಡ್ದಿರೋ ಸೈಟ್ ಆಫೀಸ್ ಫೋಕಸ್ ಲೈಟಿಗೆ ಯಾಕಿಲ್ಲ? ದಸರಾದಲ್ಲಿ ಊರೆಲ್ಲ ಬೆಳಗ್ಲಿ ಸ್ವಾಮಿ, ನಾನೂ ಫ್ಯಾಮಿಲಿ ಕರ್ಕೊಂಡು ಸುತ್ತೋನೇ, ಮಿಕ್ಕಿದ ದಿನಗಳ ಲೆಕ್ಕ ನಾನು ಕೇಳ್ತಿರೋದು.

ಕೊನೇದಾಗಿ ಒಂದು ಟೈಮಿಂಗ್ ವಿಷ್ಯ. ಅರ್ಜಿಯನ್ನ ದಸರಾ ಹಿಂದಿನ ಒಂದೂವರೆ ತಿಂಗಳಲ್ಲಿ ಮಾತ್ರ ಕೊಡ್ಬೇಡಿ, ಲೈಟಿಗೆ ಸಂಬಂಧಪಟ್ಟ ಪ್ರತಿಯೊಬ್ರೂ ಸೀರಿಯಲ್ ಸೆಟ್ ಕಟ್ಸೋದ್ರಲ್ಲಿ ಇರ್ತಾರೆ, ಆ ಹೊತ್ತಲ್ಲಿ ನೀವು ಹೋಗಿ ಬೆಳಕು ಕಮ್ಮಿ ಮಾಡಿ ಅಂದ್ರೆ ಹುಚ್ಚ ಅಂತಾರೆ. ಜಂಬೂ ಸವಾರಿ ಮುಗೀಲಿ, ಲೈಟೆಲ್ಲ ಬಿಚ್ಚಿ ಲಾರಿಗೆ ತುಂಬ್ಲಿ, ಒಂದು ವಾರ ಬಿಟ್ಟು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎರಡು ಕಾಪಿ ಹಿಡ್ಕೊಂಡು ಟಪಾಲು ಸೆಕ್ಷನ್‌ಗೆ ಹೋಗಿ.